ವಿನ್‌ಫೀಲ್ಡ್ ಸ್ಕಾಟ್

ವಿನ್‌ಫೀಲ್ಡ್ ಸ್ಕಾಟ್ (ಜೂನ್ ೧೩, ೧೭೮೬ – ಮೇ ೨೯, ೧೮೬೬) ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಸಿದ್ಧ ಸೇನಾಧಿಪತಿಗಳಲ್ಲಿ ಒಬ್ಬರು. ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಸೇನೆಯಲ್ಲಿ ಸೇವೆ ಸಲ್ಲಿಸಿದ ಇವರು ೧೮೪೧ರಿಂದ ೧೮೬೧ರವರೆಗೆ ಆ ದೇಶದ ಭೂಸೇನೆಯ ಮಹಾದಂಡನಾಯಕರಾಗಿದ್ದರು. ೧೮೧೨ರ ಯುದ್ಧ, ಮೆಕ್ಸಿಕೊ ಯುದ್ಧ ಹಾಗೂ ಅಮೆರಿಕದ ಅಂತರ್ಯುದ್ಧದ ಆರಂಭಿಕ ಘಟ್ಟ ಇವರ ಸೇವಾವಧಿಯಲ್ಲಿಯೇ ನಡೆದವು. ವೃದ್ಧರೂ ಅಂಗವಿಕಲರೂ ಆದ ಸಾಮಾನ್ಯ ಸೈನಿಕರಿಗಾಗಿ ೧೮೫೧ರಲ್ಲಿ ವಾಷಿಂಗ್ಟನ್ ನಗರದಲ್ಲಿ ಸ್ಥಾಪನೆಯಾದ 'ಸೋಲ್ಜರ್ಸ್ ಹೋಮ್' ಎಂಬ ವಸತಿಧಾಮಕ್ಕೆ ಇವರೇ ಮೂಲಕಾರಣರು. ಇವರು ಗೆದ್ದ ಯುದ್ಧಗಳ ನೆನಪು ಇಂದು ಬಹುಮಟ್ಟಿಗೆ ಪುಸ್ತಕಗಳಲ್ಲಿ ಮಾತ್ರ ಉಳಿದಿದ್ದರೂ ಆ ವಸತಿಧಾಮವು ಹೆಸರನ್ನು ಬದಲಿಸಿಕೊಂಡು ಇಂದಿಗೂ ನಡೆಯುತ್ತಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸ್ಕಾಟ್ ಅವರು ವರ್ಜೀನಿಯಾ ರಾಜ್ಯದ ಪೀಟರ್ಸ್‌ಬರ್ಗ್ ಪಟ್ಟಣಕ್ಕೆ ಸಮೀಪದ ಡಿನ್‌ವಿಡಿ ಕೌಂಟಿಯಲ್ಲಿ, ಒಂದು ಕೃಷಿಕ ಕುಟುಂಬದಲ್ಲಿ ಜನಿಸಿದರು. ತಂದೆ ವಿಲಿಯಂ ಸ್ಕಾಟ್ ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಭಾಗವಹಿಸಿದ್ದವರು. ಅವರು ತೀರಿಕೊಂಡಾಗ ವಿನ್‌ಫೀಲ್ಡ್ ಇನ್ನೂ ಚಿಕ್ಕ ಬಾಲಕ. ತಾಯಿ ಆನ್ ಮೇಸನ್ ಮಕ್ಕಳನ್ನು ಬೆಳೆಸಿದರು. ೧೮೦೩ರಲ್ಲಿ ಆಕೆಯೂ ನಿಧನರಾದರು. ಸ್ಕಾಟ್ ಕೆಲಕಾಲ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಓದಿ, ಬಳಿಕ ಪೀಟರ್ಸ್‌ಬರ್ಗ್‌ನಲ್ಲಿ ವಕೀಲರೊಬ್ಬರ ಕೈಕೆಳಗೆ ಕಾನೂನು ಅಭ್ಯಾಸ ಮಾಡಿದರು. ೧೮೦೭ರಲ್ಲಿ ರಿಚ್ಮಂಡ್ ನಗರದಲ್ಲಿ ನಡೆದ ಏರನ್ ಬರ್ ಅವರ ರಾಜದ್ರೋಹದ ವಿಚಾರಣೆಯನ್ನು ಪ್ರೇಕ್ಷಕರ ನಡುವೆ ನಿಂತು ನೋಡಿದರು. ಆರು ಅಡಿ ಐದು ಅಂಗುಲ ಎತ್ತರದ, ದೃಢಕಾಯರಾದ ಈ ತರುಣನ ಒಲವು ಮಾತ್ರ ನ್ಯಾಯಾಲಯಕ್ಕಿಂತ ಸೇನೆಯ ಕಡೆಗೇ ಹೆಚ್ಚಾಗಿತ್ತು.

ಸೇನಾಜೀವನದ ಆರಂಭ

೧೮೦೭ರಲ್ಲಿ ಬ್ರಿಟಿಷ್ ಯುದ್ಧನೌಕೆಯೊಂದು ಅಮೆರಿಕದ 'ಚೆಸಪೀಕ್' ನೌಕೆಯ ಮೇಲೆ ದಾಳಿ ಮಾಡಿದಾಗ ದೇಶದಾದ್ಯಂತ ರೋಷ ಹರಡಿತು. ಸ್ಕಾಟ್ ವರ್ಜೀನಿಯಾದ ಸ್ವಯಂಸೇವಕ ಅಶ್ವದಳವನ್ನು ಸೇರಿದರು. ೧೮೦೮ರಲ್ಲಿ ರಾಷ್ಟ್ರಾಧ್ಯಕ್ಷ ಥಾಮಸ್ ಜೆಫರ್ಸನ್ ಅವರಿಂದ ಫಿರಂಗಿದಳದ ಕ್ಯಾಪ್ಟನ್ ಹುದ್ದೆ ದೊರೆಯಿತು. ಸ್ವಭಾವತಃ ದುಡುಕಿನ ಮಾತಿನವರಾಗಿದ್ದ ಅವರು ತಮ್ಮ ಮೇಲಧಿಕಾರಿ ಜನರಲ್ ಜೇಮ್ಸ್ ವಿಲ್ಕಿನ್ಸನ್ ಅವರನ್ನು ಬಹಿರಂಗವಾಗಿ ನಿಂದಿಸಿದ್ದರಿಂದ ೧೮೧೦ರಲ್ಲಿ ಸೇನಾ ನ್ಯಾಯಾಲಯದ ಮುಂದೆ ನಿಲ್ಲಬೇಕಾಯಿತು. ಒಂದು ವರ್ಷ ಕಾಲ ಅವರನ್ನು ಸೇವೆಯಿಂದ ಅಮಾನತುಗೊಳಿಸಲಾಯಿತು. ಮೇಲಿನವರೊಡನೆ ಕಲಹ, ಕೆಳಗಿನವರ ಯೋಗಕ್ಷೇಮದಲ್ಲಿ ಕಾಳಜಿ, ಇವೆರಡೂ ಕೊನೆಯವರೆಗೆ ಅವರ ಜೀವನದಲ್ಲಿ ಜೊತೆಜೊತೆಯಾಗಿ ಕಂಡುಬರುತ್ತವೆ.

೧೮೧೨ರ ಯುದ್ಧ

ಬ್ರಿಟನ್ನಿನೊಡನೆ ಯುದ್ಧ ಆರಂಭವಾದಾಗ ಸ್ಕಾಟ್ ಲೆಫ್ಟಿನೆಂಟ್ ಕರ್ನಲ್ ಆಗಿದ್ದರು. ೧೮೧೨ರ ಅಕ್ಟೋಬರ್ ೧೩ರಂದು ನಯಾಗರಾ ನದಿಯ ದಡದ ಕ್ವೀನ್‌ಸ್ಟನ್ ಹೈಟ್ಸ್ ಕದನದಲ್ಲಿ ಅಮೆರಿಕನ್ನರು ಸೋತು, ಸ್ಕಾಟ್ ಸೆರೆಸಿಕ್ಕರು. ಸೆರೆಯಾಳುಗಳಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದವರನ್ನು ಬ್ರಿಟಿಷ್ ಅಧಿಕಾರಿಗಳು ಬೇರ್ಪಡಿಸಿ, ರಾಜದ್ರೋಹದ ವಿಚಾರಣೆಗೆಂದು ಇಂಗ್ಲೆಂಡಿಗೆ ಕಳುಹಿಸಿದರು. ಸ್ಕಾಟ್ ಇದನ್ನು ಅಲ್ಲಿಯೇ ಪ್ರತಿಭಟಿಸಿದರು. ಬಿಡುಗಡೆಯಾದ ನಂತರವೂ ಈ ವಿಷಯವನ್ನು ಬಿಡದೆ ಸರ್ಕಾರದ ಮುಂದಿಟ್ಟರು. ಪ್ರತಿಯಾಗಿ ಅಮೆರಿಕ ಸರ್ಕಾರವು ಬ್ರಿಟಿಷ್ ಸೆರೆಯಾಳುಗಳನ್ನು ಒತ್ತೆಯಾಗಿ ಇರಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಆ ಸೈನಿಕರಲ್ಲಿ ಬಹುಪಾಲು ಜನ ಜೀವಸಹಿತ ಮರಳಿದರು.

೧೮೧೪ರ ಮಾರ್ಚ್ ತಿಂಗಳಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಸ್ಕಾಟ್ ಬ್ರಿಗೇಡಿಯರ್ ಜನರಲ್ ಆದರು. ಬಫಲೋ ನಗರದ ಬಳಿ ಶಿಬಿರವನ್ನು ಏರ್ಪಡಿಸಿ, ದಿನಕ್ಕೆ ಹಲವು ಗಂಟೆಗಳ ಕವಾಯತಿನಿಂದ ತಮ್ಮ ದಳವನ್ನು ಪಳಗಿಸಿದರು. ಕವಾಯತಿನಷ್ಟೇ ಕಟ್ಟುನಿಟ್ಟನ್ನು ಶಿಬಿರದ ನೈರ್ಮಲ್ಯ, ಅಡುಗೆಮನೆಯ ಶುಚಿತ್ವ, ಸೈನಿಕರ ಸ್ನಾನ ಮತ್ತು ಉಡುಪುಗಳ ವಿಷಯದಲ್ಲಿಯೂ ತಂದರು. ಜುಲೈ ೫ರಂದು ಚಿಪ್ಪವಾದಲ್ಲಿ ಈ ದಳವು ಬ್ರಿಟಿಷರ ನುರಿತ ಸೇನೆಯನ್ನು ಬಯಲು ಕಾಳಗದಲ್ಲಿ ಹಿಮ್ಮೆಟ್ಟಿಸಿತು. ಜುಲೈ ೨೫ರಂದು ಲಂಡೀಸ್ ಲೇನ್ ಎಂಬಲ್ಲಿ ನಡೆದ ಘೋರ ಕದನದಲ್ಲಿ ಸ್ಕಾಟ್ ಅವರ ಭುಜಕ್ಕೆ ಗುಂಡು ಹೊಕ್ಕು, ಉಳಿದ ಯುದ್ಧದಲ್ಲಿ ಅವರು ಭಾಗವಹಿಸಲಾಗಲಿಲ್ಲ. ಕಾಂಗ್ರೆಸ್ ಅವರಿಗೆ ಚಿನ್ನದ ಪದಕ ನೀಡಿ ಗೌರವಿಸಿತು. ೧೮೧೭ರಲ್ಲಿ ಅವರು ಮರಿಯಾ ಮೇಯೊ ಅವರನ್ನು ವಿವಾಹವಾದರು. ಹುಟ್ಟಿದ ಏಳು ಮಕ್ಕಳಲ್ಲಿ ಕೆಲವರು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು.

ಕಾಲರಾ ಮತ್ತು ಚೆರೋಕೀ ಜನರ ಸ್ಥಳಾಂತರ

೧೮೩೨ರಲ್ಲಿ ಬ್ಲ್ಯಾಕ್ ಹಾಕ್ ಯುದ್ಧಕ್ಕಾಗಿ ಸ್ಕಾಟ್ ತಮ್ಮ ಪಡೆಯೊಡನೆ ಮಹಾಸರೋವರಗಳ ಮಾರ್ಗವಾಗಿ ಹಡಗುಗಳಲ್ಲಿ ಹೊರಟರು. ದಾರಿಯಲ್ಲಿ ಕಾಲರಾ ರೋಗ ತಗುಲಿ, ಯುದ್ಧಭೂಮಿಯನ್ನು ಕಾಣುವ ಮುನ್ನವೇ ಅನೇಕ ಸೈನಿಕರು ಸತ್ತರು. ರೋಗ ಹರಡುವ ಬಗೆಯೇ ತಿಳಿಯದಿದ್ದ ಆ ಕಾಲದಲ್ಲಿ ಸ್ಕಾಟ್ ರೋಗಿಗಳ ಬಳಿಗೆ ಹೋಗಿ ಅವರ ಆರೈಕೆಯನ್ನು ಖುದ್ದಾಗಿ ನೋಡಿಕೊಂಡರು.

೧೮೩೮ರ ಕಾರ್ಯವು ಅವರ ಜೀವನಚರಿತ್ರೆಯಲ್ಲಿ ಅಳಿಸಲಾಗದ ಕಪ್ಪು ಚುಕ್ಕೆ. ಚೆರೋಕೀ ಜನರನ್ನು ಅವರ ಪೂರ್ವಿಕರ ನೆಲದಿಂದ ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಕಳುಹಿಸುವ ಆಜ್ಞೆಯನ್ನು ಜಾರಿಗೊಳಿಸಲು ಸರ್ಕಾರ ಸ್ಕಾಟ್ ಅವರನ್ನೇ ನೇಮಿಸಿತು. ಜನರನ್ನು ದಯೆಯಿಂದ ನಡೆಸಿಕೊಳ್ಳಬೇಕೆಂದು ಅವರು ಸೈನಿಕರಿಗೆ ಆದೇಶ ಹೊರಡಿಸಿದರು. ಆದರೆ ಆದೇಶ ಕಾಗದದಲ್ಲಿ ಉಳಿಯಿತು. ಮನೆಗಳಿಂದ ಹೊರದೂಡಲ್ಪಟ್ಟ ಕುಟುಂಬಗಳನ್ನು ಕಟಕಟೆಯ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಬೇಸಿಗೆಯ ಬರ, ರೋಗ ಹಾಗೂ ಚಳಿಗಾಲದ ದೀರ್ಘ ಪಯಣಗಳಿಂದ ಸುಮಾರು ೪,೦೦೦ ಮಂದಿ ಸತ್ತರೆಂದು ಸಾಮಾನ್ಯವಾಗಿ ಅಂದಾಜಿಸಲಾಗುತ್ತದೆ. ಚೆರೋಕೀ ಮುಖಂಡ ಜಾನ್ ರಾಸ್ ಅವರ ಕೋರಿಕೆಯಂತೆ, ಉಳಿದ ಪ್ರಯಾಣವನ್ನು ಚೆರೋಕೀ ಜನರೇ ನಿರ್ವಹಿಸಲು ಸ್ಕಾಟ್ ಒಪ್ಪಿದರು. ಇದರಿಂದ ಸಂಕಟ ಕೊಂಚ ತಗ್ಗಿರಬಹುದು, ಆದರೆ ಅನ್ಯಾಯ ಅಳಿಯಲಿಲ್ಲ.

ಮೆಕ್ಸಿಕೊ ಯುದ್ಧ

೧೮೪೧ರಲ್ಲಿ ಮಹಾದಂಡನಾಯಕರಾದ ಸ್ಕಾಟ್, ೧೮೪೭ರ ಮಾರ್ಚ್ ೯ರಂದು ಮೆಕ್ಸಿಕೊದ ವೆರಾಕ್ರೂಸ್ ಬಂದರಿನ ಬಳಿ ಹತ್ತು ಸಾವಿರದಷ್ಟು ಸೈನಿಕರನ್ನು ಸಮುದ್ರದಿಂದ ದಡಕ್ಕಿಳಿಸಿದರು. ಫಿರಂಗಿಗಳ ಹೊಡೆತಕ್ಕೆ ನಗರವು ಮಾರ್ಚ್ ಅಂತ್ಯದಲ್ಲಿ ಶರಣಾಯಿತು. ಆ ದಾಳಿಯಲ್ಲಿ ನಾಗರಿಕರೂ ಮಡಿದರು. ಬಳಿಕ ಸೆರ್ರೊ ಗೋರ್ಡೊ, ಕೊಂಟ್ರೆರಾಸ್, ಚುರುಬುಸ್ಕೊ, ಮೊಲಿನೊ ದೆಲ್ ರೇ ಕದನಗಳನ್ನು ದಾಟಿ, ಸೆಪ್ಟೆಂಬರ್ ೧೩ರಂದು ಚಪುಲ್ತೆಪೆಕ್ ಕೋಟೆಯನ್ನು ಗೆದ್ದು, ಮರುದಿನ ಮೆಕ್ಸಿಕೊ ನಗರವನ್ನು ಪ್ರವೇಶಿಸಿದರು. ತಮ್ಮ ಸೈನಿಕರು ಸ್ಥಳೀಯರ ಮೇಲೆ ನಡೆಸುವ ಅಪರಾಧಗಳಿಗೂ ಶಿಕ್ಷೆ ವಿಧಿಸುವಂತೆ ಸೇನಾ ಕಾನೂನನ್ನು ಜಾರಿಗೊಳಿಸಿದ್ದು ಈ ದಂಡಯಾತ್ರೆಯ ವೈಶಿಷ್ಟ್ಯ.

ಈ ಯುದ್ಧದಲ್ಲಿ ಅಮೆರಿಕದ ಸುಮಾರು ೧೩,೦೦೦ ಸೈನಿಕರು ಸತ್ತರು. ಅವರಲ್ಲಿ ಕದನದಲ್ಲಿ ಮಡಿದವರು ಸ್ವಲ್ಪವೇ ಮಂದಿ. ಉಳಿದವರನ್ನು ಬಲಿ ತೆಗೆದುಕೊಂಡದ್ದು ಬಹುಪಾಲು ರೋಗ. ಬದುಕಿ ಉಳಿದವರಲ್ಲಿಯೂ ಅನೇಕರು ಕೈಕಾಲು ಕಳೆದುಕೊಂಡಿದ್ದರು, ಇಲ್ಲವೇ ರೋಗದಿಂದ ಜರ್ಜರಿತರಾಗಿದ್ದರು.

ಮೆಕ್ಸಿಕೊ ನಗರವನ್ನು ಲೂಟಿಯಿಂದ ರಕ್ಷಿಸುವುದಕ್ಕೆ ಪ್ರತಿಯಾಗಿ ಸ್ಕಾಟ್ ಅಲ್ಲಿನ ಆಡಳಿತದ ಮೇಲೆ ೧,೫೦,೦೦೦ ಡಾಲರುಗಳ ಕಪ್ಪವನ್ನು ವಿಧಿಸಿದರು. ಈ ಹಣದಲ್ಲಿ ಒಂದು ಪಾಲನ್ನು ಗಾಯಾಳುಗಳ ಮತ್ತು ರೋಗಿಗಳ ಆರೈಕೆಗೂ ಸೈನಿಕರಿಗೆ ಕಂಬಳಿ, ಬೂಟುಗಳನ್ನು ಒದಗಿಸುವುದಕ್ಕೂ ಬಳಸಿದರು. ಯುದ್ಧದಲ್ಲಿ ಸಂಗ್ರಹವಾದ ಹಣದಲ್ಲಿ ಉಳಿದ ೧,೦೦,೦೦೦ ಡಾಲರುಗಳನ್ನು ವಾಷಿಂಗ್ಟನ್‌ಗೆ ಕಳುಹಿಸಿ, ಅದನ್ನು ಸೇನೆಯ ವೃದ್ಧ ಹಾಗೂ ಅಂಗವಿಕಲ ಸೈನಿಕರ ಆಶ್ರಯಧಾಮಕ್ಕಾಗಿ ವಿನಿಯೋಗಿಸಬೇಕೆಂದು ಕೋರಿದರು.

ಸೈನಿಕರ ನಿವಾಸದ ಸ್ಥಾಪನೆ

ಫ್ರಾನ್ಸ್‌ನ ದೊರೆ ಹದಿನಾಲ್ಕನೆಯ ಲೂಯಿ ೧೬೭೦ರಲ್ಲಿ ಪ್ಯಾರಿಸ್ಸಿನಲ್ಲಿ ಇಂತಹ ಆಶ್ರಯಧಾಮವನ್ನು ಸ್ಥಾಪಿಸಿದ್ದನು. ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ೧೬೮೨ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಅದೇ ಕಾರ್ಯವನ್ನು ಮಾಡಿದನು. ಅಮೆರಿಕದಲ್ಲಿ ನೌಕಾಪಡೆಯವರಿಗೆ ಫಿಲಡೆಲ್ಫಿಯಾದಲ್ಲಿ ಒಂದು ನಿವಾಸವಿತ್ತು. ಭೂಸೇನೆಯ ಸಾಮಾನ್ಯ ಸೈನಿಕನಿಗೆ ಮಾತ್ರ ಅಂತಹ ಆಸರೆ ಯಾವುದೂ ಇರಲಿಲ್ಲ. ಪದಾತಿ ಸೈನಿಕನ ತಿಂಗಳ ಸಂಬಳ ಆಗ ಏಳು ಡಾಲರು. ಸೈನಿಕರಲ್ಲಿ ಅನೇಕರು ಐರ್ಲೆಂಡ್ ಮತ್ತು ಜರ್ಮನಿಗಳಿಂದ ವಲಸೆ ಬಂದವರು. ದೂರದ ಗಡಿಕೋಟೆಗಳಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಮರಳಿ ಹೋಗಲು ಮನೆಯಾಗಲಿ, ಸಾಕಲು ಬಂಧುಗಳಾಗಲಿ ಇರುತ್ತಿದ್ದುದು ಅಪರೂಪ. ದೀರ್ಘಕಾಲ ದುಡಿದುದಕ್ಕಾಗಿಯೇ ಸಾಮಾನ್ಯ ಸೈನಿಕನಿಗೆ ನಿವೃತ್ತಿಯ ಸೌಲಭ್ಯ ದೊರೆತದ್ದು ೧೮೮೫ರಲ್ಲಿ. ಅಲ್ಲಿಯವರೆಗೆ ದೇಹ ಸೋತ ಸೈನಿಕನ ಮುಂದಿದ್ದ ದಾರಿ ಊರಿನ ಅನಾಥಾಲಯ ಅಥವಾ ಬೀದಿ.

ಇಂತಹ ನಿವಾಸ ಬೇಕೆಂಬ ಮಾತು ಬಹಳ ಹಿಂದಿನಿಂದಲೂ ಇತ್ತು. ಫಿರಂಗಿದಳದ ಅಧಿಕಾರಿ ರಾಬರ್ಟ್ ಆಂಡರ್ಸನ್ ಇದಕ್ಕಾಗಿ ಯೋಜನೆಯನ್ನು ಸಿದ್ಧಪಡಿಸಿ ಕಾಂಗ್ರೆಸ್ ಸದಸ್ಯರಲ್ಲಿ ಪ್ರಚಾರ ಮಾಡಿದ್ದರು. ಮೆಕ್ಸಿಕೊ ಯುದ್ಧದ ಯೋಧರೂ ಮಿಸಿಸಿಪ್ಪಿಯ ಸೆನೆಟರರೂ ಆಗಿದ್ದ ಜೆಫರ್ಸನ್ ಡೇವಿಸ್ ಸೆನೆಟ್ಟಿನಲ್ಲಿ ಇದನ್ನು ಬೆಂಬಲಿಸಿದರು. ಕೊರತೆಯಿದ್ದದ್ದು ಹಣಕ್ಕೆ. ಸ್ಕಾಟ್ ಕಳುಹಿಸಿದ ಮೊತ್ತವು ಆ ಕೊರತೆಯನ್ನು ನೀಗಿತು. ೧೮೫೧ರ ಮಾರ್ಚ್ ೩ರಂದು ಕಾಯಿದೆ ಅಂಗೀಕಾರವಾಯಿತು. ಮೆಕ್ಸಿಕೊದಿಂದ ಬಂದ ಹಣದ ಬಾಬ್ತು ಒಂದು ಲಕ್ಷ ಹದಿನೆಂಟು ಸಾವಿರ ಡಾಲರುಗಳಿಗೂ ಹೆಚ್ಚು ಮೊತ್ತವನ್ನು ನಿವಾಸಕ್ಕೆ ನೀಡಲಾಯಿತು.

ಕಾಯಿದೆಯ ಮುಖ್ಯ ಅಂಶಗಳು ಹೀಗಿದ್ದವು. ಪ್ರತಿಯೊಬ್ಬ ಸೈನಿಕನ ಸಂಬಳದಿಂದ ತಿಂಗಳಿಗೆ ೨೫ ಸೆಂಟುಗಳನ್ನು ಕಡಿತಗೊಳಿಸಿ ನಿವಾಸದ ನಿಧಿಗೆ ಸೇರಿಸುವುದು. ಸೇನಾ ನ್ಯಾಯಾಲಯಗಳು ವಿಧಿಸುವ ದಂಡ, ಪಲಾಯನ ಮಾಡಿದವರಿಂದ ಮುಟ್ಟುಗೋಲಾದ ಹಣ ಹಾಗೂ ವಾರಸುದಾರರಿಲ್ಲದೆ ಸತ್ತ ಸೈನಿಕರ ಹಣವನ್ನೂ ಅದೇ ನಿಧಿಗೆ ಜಮೆ ಮಾಡುವುದು. ಇಪ್ಪತ್ತು ವರ್ಷ ಪ್ರಾಮಾಣಿಕವಾಗಿ ಸೇವೆ ಸಲ್ಲಿಸಿದವರಿಗೂ, ಸೇವೆಯಲ್ಲಿ ಗಾಯ ಅಥವಾ ರೋಗದಿಂದ ದುಡಿಯುವ ಶಕ್ತಿ ಕಳೆದುಕೊಂಡವರಿಗೂ ಪ್ರವೇಶ ನೀಡುವುದು. ಪಲಾಯನ ಮಾಡಿದವರು, ದಂಗೆಯೆದ್ದವರು ಮತ್ತು ಕುಡಿತದ ಚಟದವರನ್ನು ದೂರವಿಡುವುದು. ಹೀಗಾಗಿ ಈ ಧಾಮವು ಸರ್ಕಾರದ ಭಿಕ್ಷೆಯಾಗಿರಲಿಲ್ಲ. ಸೈನಿಕರು ತಮ್ಮ ಅಲ್ಪ ಸಂಬಳದಿಂದ ಕೂಡಿಟ್ಟ ಹಣದಲ್ಲಿ ಅದು ನಡೆಯುತ್ತಿತ್ತು, ಅದರ ಮೇಲೆ ಅವರಿಗೆ ಹಕ್ಕಿತ್ತು. ೧೮೫೯ರಲ್ಲಿ ಈ ಕಡಿತವನ್ನು ಅರ್ಧಕ್ಕೆ ಇಳಿಸಲಾಯಿತು. ಅದೇ ವರ್ಷ 'ಮಿಲಿಟರಿ ಅಸೈಲಮ್' ಎಂಬ ಮೊದಲ ಹೆಸರಿನ ಬದಲಿಗೆ 'ಸೋಲ್ಜರ್ಸ್ ಹೋಮ್' ಎಂಬ ಹೆಸರು ಬಂದಿತು.

ವಾಷಿಂಗ್ಟನ್ ನಗರದ ಉತ್ತರಕ್ಕೆ, ಅಧ್ಯಕ್ಷ ಭವನದಿಂದ ಸುಮಾರು ಮೂರು ಮೈಲಿ ದೂರದ ಎತ್ತರದ ದಿಬ್ಬದಲ್ಲಿ ಜಾರ್ಜ್ ರಿಗ್ಸ್ ಎಂಬ ಬ್ಯಾಂಕರರ ತೋಟವಿತ್ತು. ಬೇಸಿಗೆಯಲ್ಲಿಯೂ ತಂಗಾಳಿ ಬೀಸುವ ಈ ಸ್ಥಳದ ೨೫೦ಕ್ಕೂ ಹೆಚ್ಚು ಎಕರೆ ಭೂಮಿಯನ್ನು ೧೮೫೧ರಲ್ಲಿ ಕೊಳ್ಳಲಾಯಿತು. ರಿಗ್ಸ್ ಅವರು ೧೮೪೨ರಲ್ಲಿ ಕಟ್ಟಿಸಿದ್ದ ಗಾಥಿಕ್ ಶೈಲಿಯ ಬಂಗಲೆಯೇ ಮೊದಲ ನಿವಾಸಿಗಳಿಗೆ ಮನೆಯಾಯಿತು. ಸೇನಾ ಎಂಜಿನಿಯರ್ ಬಾರ್ಟನ್ ಅಲೆಕ್ಸಾಂಡರ್ ಅವರ ವಿನ್ಯಾಸದಂತೆ ದೊಡ್ಡ ಕಲ್ಲಿನ ಕಟ್ಟಡವು ೧೮೫೭ರ ವೇಳೆಗೆ ಸಿದ್ಧವಾಯಿತು. ಕೆಂಟಕಿಯ ಹ್ಯಾರೊಡ್ಸ್‌ಬರ್ಗ್‌ನಲ್ಲಿಯೂ ಮಿಸಿಸಿಪ್ಪಿಯ ಪ್ಯಾಸ್ಕಗೂಲದಲ್ಲಿಯೂ ತೆರೆದ ಶಾಖೆಗಳು ಹೆಚ್ಚುಕಾಲ ಬಾಳಲಿಲ್ಲ. ನಿವಾಸದ ಆಡಳಿತ ಮಂಡಳಿಯಲ್ಲಿ ಮಹಾದಂಡನಾಯಕರು ಪದನಿಮಿತ್ತ ಸದಸ್ಯರಾಗಿದ್ದುದರಿಂದ, ನಿವೃತ್ತರಾಗುವವರೆಗೂ ಸ್ಕಾಟ್ ಅವರಿಗೆ ಅದರ ವ್ಯವಹಾರಗಳಲ್ಲಿ ನೇರ ಹೊಣೆಯಿತ್ತು.

ನಿವಾಸಿಗಳಿಗೆ ವಸತಿ, ಊಟ, ಬಟ್ಟೆ ಹಾಗೂ ವೈದ್ಯೋಪಚಾರ ದೊರೆಯುತ್ತಿದ್ದವು. ಶಕ್ತಿಯುಳ್ಳವರು ಹೊಲ, ತೋಟ ಮತ್ತು ಹಸುಗಳ ಕೊಟ್ಟಿಗೆಗಳಲ್ಲಿ ಕೆಲಸ ಮಾಡುತ್ತಿದ್ದರು. ಕ್ರಮೇಣ ಆಸ್ಪತ್ರೆ, ಪ್ರಾರ್ಥನಾ ಮಂದಿರ ಮತ್ತು ಗ್ರಂಥಾಲಯಗಳು ಸೇರಿಕೊಂಡವು. ಸತ್ತವರಿಗೆ ಗೌರವದ ಅಂತ್ಯಸಂಸ್ಕಾರವೂ ಈ ಸೇವೆಗಳ ಭಾಗವೇ ಆಗಿತ್ತು.

ರಾಜಕೀಯ ಮತ್ತು ಅಂತರ್ಯುದ್ಧ

ಸ್ಕಾಟ್ ೧೮೫೨ರಲ್ಲಿ ವ್ಹಿಗ್ ಪಕ್ಷದ ಅಭ್ಯರ್ಥಿಯಾಗಿ ರಾಷ್ಟ್ರಾಧ್ಯಕ್ಷ ಪದವಿಗೆ ಸ್ಪರ್ಧಿಸಿ, ಮೆಕ್ಸಿಕೊದಲ್ಲಿ ತಮ್ಮ ಕೈಕೆಳಗೆ ದುಡಿದಿದ್ದ ಫ್ರಾಂಕ್ಲಿನ್ ಪಿಯರ್ಸ್ ಅವರೆದುರು ಸೋತರು. ಕೇವಲ ನಾಲ್ಕು ರಾಜ್ಯಗಳು ಅವರ ಪರವಾಗಿ ನಿಂತವು. ಶಿಷ್ಟಾಚಾರ ಮತ್ತು ಉಡುಗೆತೊಡುಗೆಗಳಲ್ಲಿ ಅವರಿಗಿದ್ದ ಅತಿಯಾದ ಆಸಕ್ತಿಯನ್ನು ಸೈನಿಕರೇ ಅಡ್ಡಹೆಸರಿಟ್ಟು ಹಾಸ್ಯ ಮಾಡುತ್ತಿದ್ದರು. ಪಿಯರ್ಸ್ ಸರ್ಕಾರದಲ್ಲಿ ಯುದ್ಧ ಖಾತೆಯ ಕಾರ್ಯದರ್ಶಿಯಾದ ಜೆಫರ್ಸನ್ ಡೇವಿಸ್ ಅವರೊಡನೆ ಸ್ಕಾಟ್ ನಡೆಸಿದ ಕಟುವಾದ ಪತ್ರಕಲಹ ಪ್ರಸಿದ್ಧವಾಗಿದೆ. ೧೮೫೫ರಲ್ಲಿ ಅವರಿಗೆ ಗೌರವಾರ್ಥವಾಗಿ ಲೆಫ್ಟಿನೆಂಟ್ ಜನರಲ್ ಪದವಿ ದೊರೆಯಿತು. ಜಾರ್ಜ್ ವಾಷಿಂಗ್ಟನ್ ಅವರ ನಂತರ ಆ ದರ್ಜೆಗೇರಿದವರು ಇವರೇ.

೧೮೬೧ರಲ್ಲಿ ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಬೇರ್ಪಟ್ಟಾಗ, ಸೈನಿಕರ ನಿವಾಸಕ್ಕಾಗಿ ಒಂದಾಗಿ ದುಡಿದಿದ್ದವರು ಎದುರುಬದುರಾಗಿ ನಿಂತರು. ಡೇವಿಸ್ ದಕ್ಷಿಣದ ಒಕ್ಕೂಟದ ಅಧ್ಯಕ್ಷರಾದರು. ಅವರ ಸರ್ಕಾರದ ಫಿರಂಗಿಗಳು ಮೊದಲ ಗುಂಡು ಹಾರಿಸಿದ್ದು ಸಮ್ಟರ್ ಕೋಟೆಯ ಮೇಲೆ. ಆ ಕೋಟೆಯ ರಕ್ಷಣೆಯಲ್ಲಿದ್ದವರು ಮೇಜರ್ ರಾಬರ್ಟ್ ಆಂಡರ್ಸನ್. ಸ್ಕಾಟ್ ಅವರ ತವರಾದ ವರ್ಜೀನಿಯಾ ಕೂಡ ಬೇರ್ಪಟ್ಟಿತು. ಅವರ ಮೆಚ್ಚಿನ ಅಧಿಕಾರಿ ರಾಬರ್ಟ್ ಲೀ ತಮ್ಮ ರಾಜ್ಯದೊಡನೆ ಹೋದರು. ಸ್ಕಾಟ್ ಹೋಗಲಿಲ್ಲ. ತಾವು ಅರ್ಧ ಶತಮಾನ ಸೇವಿಸಿದ ಒಕ್ಕೂಟದ ಬಾವುಟವನ್ನು ಬಿಡಲು ಅವರು ಒಪ್ಪಲಿಲ್ಲ. ಕರಾವಳಿಗೆ ದಿಗ್ಬಂಧನ ಹಾಕಿ, ಮಿಸಿಸಿಪ್ಪಿ ನದಿಯನ್ನು ವಶಪಡಿಸಿಕೊಂಡು ದಕ್ಷಿಣವನ್ನು ನಿಧಾನವಾಗಿ ಬಿಗಿಯುವ ಅವರ ಯೋಜನೆಯನ್ನು ಪತ್ರಿಕೆಗಳು ಹೆಬ್ಬಾವಿಗೆ ಹೋಲಿಸಿ ಗೇಲಿ ಮಾಡಿದವು. ಯುದ್ಧವು ಕೊನೆಗೆ ಬಹುಮಟ್ಟಿಗೆ ಅದೇ ದಾರಿಯಲ್ಲಿ ಸಾಗಿತು.

ಅಷ್ಟರಲ್ಲಿ ಸ್ಕಾಟ್ ಅವರಿಗೆ ಎಪ್ಪತ್ತೈದು ವರ್ಷವಾಗಿತ್ತು. ಸ್ಥೂಲಕಾಯ ಮತ್ತು ಸಂಧಿವಾತಗಳಿಂದಾಗಿ ಕುದುರೆ ಏರುವುದೂ ಸಾಧ್ಯವಿರಲಿಲ್ಲ. ೧೮೬೧ರ ನವೆಂಬರ್ ೧ರಂದು ಅವರು ನಿವೃತ್ತರಾದರು. ಅದೇ ವರ್ಷ ಬುಲ್ ರನ್ ಕದನದ ನಂತರ ಸೈನಿಕರ ನಿವಾಸದ ಭೂಮಿಯಲ್ಲಿ ರಾಷ್ಟ್ರೀಯ ಸಮಾಧಿಭೂಮಿಯೊಂದು ಆರಂಭವಾಯಿತು. ೧೮೬೪ರ ವೇಳೆಗೆ ಅಲ್ಲಿ ಐದು ಸಾವಿರಕ್ಕೂ ಹೆಚ್ಚು ಸಮಾಧಿಗಳಾಗಿ, ಸ್ಥಳ ಸಾಲದೆ ಆರ್ಲಿಂಗ್ಟನ್ನಿನಲ್ಲಿ ಹೊಸ ಸಮಾಧಿಭೂಮಿಯನ್ನು ತೆರೆಯಬೇಕಾಯಿತು. ೧೮೬೨ರಿಂದ ೧೮೬೪ರವರೆಗಿನ ಬೇಸಿಗೆಗಳಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಕುಟುಂಬ ಸಮೇತ ಇಲ್ಲಿನ ಹಳೆಯ ಬಂಗಲೆಯಲ್ಲಿ ವಾಸಿಸಿದರು. ಗುಲಾಮಗಿರಿಯ ವಿಮೋಚನಾ ಘೋಷಣೆಯನ್ನು ರೂಪಿಸುವ ಕೆಲಸದಲ್ಲಿ ಅವರು ಇಲ್ಲಿದ್ದಾಗಲೂ ತೊಡಗಿದ್ದರು.

ಕೊನೆಯ ದಿನಗಳು

ಪತ್ನಿ ಮರಿಯಾ ೧೮೬೨ರಲ್ಲಿ ರೋಮ್ ನಗರದಲ್ಲಿ ನಿಧನರಾದರು. ಸ್ಕಾಟ್ ೧೮೬೪ರಲ್ಲಿ ಎರಡು ಸಂಪುಟಗಳ ಆತ್ಮಕಥೆಯನ್ನು ಪ್ರಕಟಿಸಿದರು. ಒಕ್ಕೂಟದ ಗೆಲುವನ್ನು ಕಣ್ಣಾರೆ ಕಂಡ ಅವರು ೧೮೬೬ರ ಮೇ ೨೯ರಂದು ವೆಸ್ಟ್ ಪಾಯಿಂಟ್‌ನಲ್ಲಿ ಕೊನೆಯುಸಿರೆಳೆದರು. ಅವರ ಸಮಾಧಿ ಅಲ್ಲಿಯೇ ಇದೆ.

ನಿವಾಸದ ಮುಂದಿನ ಇತಿಹಾಸ

ಅಂತರ್ಯುದ್ಧದ ಸ್ವಯಂಸೇವಕ ಸೈನಿಕರಿಗಾಗಿ ೧೮೬೫ರ ಕಾಯಿದೆಯಂತೆ ಬೇರೆ ನಿವಾಸಗಳು ತೆರೆದವು. ಸ್ಕಾಟ್ ಅವರ ನಿವಾಸವು ಕಾಯಂ ಸೇನೆಯವರಿಗಾಗಿ ಮುಂದುವರಿಯಿತು. ಕಾಲಾನಂತರ ವಾಯುಪಡೆಯವರಿಗೂ ಮಹಿಳೆಯರಿಗೂ ಪ್ರವೇಶ ದೊರೆಯಿತು. ಫಿಲಡೆಲ್ಫಿಯಾದ ನೌಕಾ ನಿವಾಸವು ೧೯೭೬ರಲ್ಲಿ ಮಿಸಿಸಿಪ್ಪಿಯ ಗಲ್ಫ್‌ಪೋರ್ಟ್‌ಗೆ ಸ್ಥಳಾಂತರಗೊಂಡಿತು. ೧೯೯೧ರಲ್ಲಿ ಎರಡೂ ನಿವಾಸಗಳು 'ಆರ್ಮ್ಡ್ ಫೋರ್ಸಸ್ ರಿಟೈರ್ಮೆಂಟ್ ಹೋಮ್' ಎಂಬ ಒಂದೇ ಸಂಸ್ಥೆಯಾದವು. ೨೦೦೫ರ ಕತ್ರೀನಾ ಚಂಡಮಾರುತದಿಂದ ಗಲ್ಫ್‌ಪೋರ್ಟ್ ಕಟ್ಟಡ ಹಾಳಾದಾಗ ಅಲ್ಲಿನ ಅನೇಕ ವೃದ್ಧರಿಗೆ ವಾಷಿಂಗ್ಟನ್ನಿನ ನಿವಾಸವು ಆಶ್ರಯ ನೀಡಿತು. ಗಲ್ಫ್‌ಪೋರ್ಟ್ ನಿವಾಸವು ೨೦೧೦ರಲ್ಲಿ ಪುನಃ ತೆರೆಯಿತು.

ಸೈನಿಕರ ಸಂಬಳದಿಂದ ಸಣ್ಣ ಮೊತ್ತವನ್ನು ಕಡಿತಗೊಳಿಸುವ ಪದ್ಧತಿಯೂ ಶಿಸ್ತುಕ್ರಮದ ದಂಡಗಳನ್ನು ನಿಧಿಗೆ ಸೇರಿಸುವ ಪದ್ಧತಿಯೂ ಇಂದಿಗೂ ಉಳಿದಿವೆ. ಇದರೊಡನೆ ನಿವಾಸಿಗಳು ತಮ್ಮ ಆದಾಯಕ್ಕೆ ತಕ್ಕಂತೆ ಶುಲ್ಕ ನೀಡುತ್ತಾರೆ. ಪ್ರತ್ಯೇಕ ಕೊಠಡಿ, ಊಟ, ವೈದ್ಯಕೀಯ ಸೇವೆ, ದೈನಂದಿನ ಕೆಲಸಗಳಿಗೆ ನೆರವು, ಮರೆವಿನ ರೋಗವುಳ್ಳವರಿಗೆ ವಿಶೇಷ ಆರೈಕೆ, ಗ್ರಂಥಾಲಯ ಮತ್ತು ಮನರಂಜನೆಯ ಸೌಕರ್ಯಗಳು ಇಲ್ಲಿವೆ. ಲಿಂಕನ್ ವಾಸಿಸಿದ ಬಂಗಲೆಯನ್ನು ೨೦೦೦ದಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು. ೨೦೦೮ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು.

ಸ್ಮರಣೆ

ವಾಷಿಂಗ್ಟನ್ ನಗರದ ಸ್ಕಾಟ್ ವೃತ್ತದಲ್ಲಿ, ಶಿಲ್ಪಿ ಹೆನ್ರಿ ಕರ್ಕ್ ಬ್ರೌನ್ ನಿರ್ಮಿಸಿದ ಸ್ಕಾಟ್ ಅವರ ಅಶ್ವಾರೂಢ ಪ್ರತಿಮೆಯು ೧೮೭೪ರಲ್ಲಿ ಸ್ಥಾಪಿತವಾಯಿತು. ಅದಕ್ಕೂ ಒಂದು ವರ್ಷ ಮೊದಲು ಸೈನಿಕರ ನಿವಾಸದ ದಿಬ್ಬದ ಮೇಲೆ ಲಾಂಟ್ ಥಾಂಪ್ಸನ್ ಅವರ ಶಿಲ್ಪವೊಂದು ನಿಂತಿತು. ಅಲ್ಲಿ ಸ್ಕಾಟ್ ಕುದುರೆಯ ಮೇಲಿಲ್ಲ. ನಗರದತ್ತ ಮುಖಮಾಡಿ ನೆಲದ ಮೇಲೆ ನಿಂತಿದ್ದಾರೆ.

ಸ್ಕಾಟ್ ಅವರ ಜೀವನವನ್ನು ತೂಗಿ ನೋಡುವವರಿಗೆ ನಿವಾಸದ ಮೂಲಧನವು ಸೋತ ನಗರವೊಂದರ ಮೇಲೆ ಹೇರಿದ ಕಪ್ಪದಿಂದ ಬಂದುದೆಂಬುದೂ, ಚೆರೋಕೀ ಜನರ ಕಣ್ಣೀರಿನಲ್ಲಿ ಅವರ ಪಾಲಿದೆಯೆಂಬುದೂ ಮರೆಯುವ ವಿಷಯಗಳಲ್ಲ. ವಿಜಯಿ ಸೇನಾಪತಿಗಳು ಕಪ್ಪದ ಹಣವನ್ನು ತಮ್ಮ ಪಾಲಿಗೆ ಇರಿಸಿಕೊಂಡ ನಿದರ್ಶನಗಳು ಇತಿಹಾಸದಲ್ಲಿ ಹೇರಳವಾಗಿವೆ. ಸ್ಕಾಟ್ ಆ ಹಣವನ್ನು ತಮ್ಮೊಡನೆ ನಡೆದು ಸೋತುಹೋದ ಹೆಸರಿಲ್ಲದ ಸೈನಿಕರಿಗೆ ಮೀಸಲಿಟ್ಟರು. ಆ ಹಣದಿಂದ ಆರಂಭವಾದ ಮನೆಯಲ್ಲಿ ವೃದ್ಧ ಸೈನಿಕರು ಇಂದಿಗೂ ವಾಸಿಸುತ್ತಿದ್ದಾರೆ.